ಡಿಕ್ಕಿಯಲ್ಲಿದ್ದ ಎರಡನೇ ಕ್ಯಾನು

ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷ. ಕಾರಿನ ಡಿಕ್ಕಿಯಲ್ಲಿ ಧಡ್ ಎಂದು ಏನೋ ಬಿತ್ತು.

ಹೊತ್ತು ಇಷ್ಟು ಸರಿಯಾಗಿ ಹೇಗೆ ನೆನಪಿದೆ ಅಂತೀರಾ? ಆಗಷ್ಟೇ ಡ್ಯಾಶ್‌ಬೋರ್ಡಿನ ಗಡಿಯಾರ ನೋಡಿದ್ದೆ. ಕಾಲು ಗಂಟೆಗೊಮ್ಮೆ ಒಂದು ಅಂಕಿಯನ್ನು ಹಾಳೆಯ ಮೇಲೆ ಬರೆಯುವ ಕೆಲಸವನ್ನು ನಾನೇ ಮೈಮೇಲೆ ಎಳೆದುಕೊಂಡಿದ್ದೆ. ಮುಂದಿನ ಅಂಕಿಗೆ ಇನ್ನೂ ಐದು ನಿಮಿಷ ಇತ್ತು. ಸಂಕೇಶ್ವರ ಹಿಂದೆ ಬಿದ್ದಿತ್ತು. ಯಮಕನಮರಡಿ ಇನ್ನೂ ಏಳೆಂಟು ಕಿಲೋಮೀಟರ್. ರಸ್ತೆ ರಿಪೇರಿ ನಡೆದ ಕಡೆ ಕಾರು ಒಂದು ಗುಂಡಿ ಹಾರಿ, ಮತ್ತೆ ಸುಮ್ಮನೆ ಓಡತೊಡಗಿತು.

"ಏನ್ ಬಿತ್ತೋ ಅದು?" ಎಂದಳು ಹಿಂದಿನ ಸೀಟಿನಲ್ಲಿದ್ದ ಬಾಳವ್ವ.

"ಬುತ್ತಿ ಡಬ್ಬಿ ಇರಬೇಕ ಬಿಡ ಬೇ," ಎಂದ ಕಾರು ಓಡಿಸುತ್ತಿದ್ದ ಅವಳ ಮಗ ಭೀಮಶಿ.

ಬುತ್ತಿ ಡಬ್ಬಿ ಆಗಿರಲಿಲ್ಲ. ಆ ಸದ್ದಿನ ನಂತರದ ಹತ್ತು ನಿಮಿಷದಲ್ಲಿ ಕಾರಿನಲ್ಲಿದ್ದ ನಾವು ನಾಲ್ವರೂ ಸತ್ತುಹೋಗಬಹುದಿತ್ತು. ನಮ್ಮ ಜೊತೆ ಇನ್ನೂ ಮೂರು ಜೀವ.

ಆ ಮೂರು ಯಾವುವು? ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾನು ಗೋಕಾಕದಲ್ಲಿ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳುವವಳು ಎಂಬುದು ವಾರವಾರ ಈ ಅಂಕಣದಲ್ಲಿ ನನ್ನನ್ನು ಸಹಿಸಿಕೊಳ್ಳುವ ನಿಮಗೆ ಗೊತ್ತೇ ಇದೆ. (ಈ ವಾರ ಅದನ್ನು ಹೇಳಿಕೊಳ್ಳಲು ನಾಚಿಕೆ. ಯಾಕೆಂದು ನೀವೇ ನೋಡಿ.) ರೇಣುಕಾ ನನ್ನ ಚಿಗವ್ವನ ಮಗಳು. ಮೂಡಲಗಿಯಲ್ಲಿ ಹೈಸ್ಕೂಲ್ ಟೀಚರ್. ಅವಳ ಗಂಡ ಭೀಮಶಿ ನಿಡಸೋಸಿಯಲ್ಲಿ ಇಂಜಿನಿಯರಿಂಗ್ ಓದಿ ಸಕ್ಕರೆ ಕಾರ್ಖಾನೆಯ ಬಾಯ್ಲರ್ ವಿಭಾಗದಲ್ಲಿ ಕೆಲಸಕ್ಕಿದ್ದಾನೆ. 'ಸುರಕ್ಷತೆಯೇ ಮೊದಲು' ಎಂಬ ಬೋರ್ಡು ಬರೆಸಿ ತೂಗುಹಾಕುವುದೂ ಅವನದೇ ಕೆಲಸ. ಅವನ ತಾಯಿ ಬಾಳವ್ವ. ಮೂಡಲಗಿಯಿಂದ ಸ್ವಲ್ಪ ಆಚೆ ಇರುವ ಹಳ್ಳಿಯಲ್ಲಿ ಮನೆ, ಮನೆಯ ಹಿಂದೆ ಕುರಿದೊಡ್ಡಿ. ಅವಳು ನಕ್ಕರೆ ನಾಲ್ಕು ಮನೆಗೆ ಕೇಳುತ್ತದೆ. ಬೈದರೆ ಇಡೀ ಓಣಿಗೆ.

ಮದುವೆಯಾದ ಮೂರನೇ ತಿಂಗಳಿಗೆ ಭೀಮಶಿಯ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಕ್ಯಾನ್ಸರ್. ಗುಣವಾಗುವ ಜಾತಿಯದು, ಹೆದರಬೇಡಿ ಎಂದ ಡಾಕ್ಟರು, ಔಷಧ ಶುರು ಮಾಡುವ ಮುಂಚೆ ಇನ್ನೊಂದು ಮಾತು ಹೇಳಿದರು. ಈ ಔಷಧ ರೋಗದ ಜೊತೆಗೆ ಮಕ್ಕಳಾಗುವ ಶಕ್ತಿಯನ್ನೂ ತೆಗೆದುಕೊಂಡು ಹೋಗಬಹುದು, ಮೊದಲು ವೀರ್ಯ ಫ್ರೀಜ್ ಮಾಡಿಸಿ ಇಡಿ.

ಆವತ್ತು ಭೀಮಶಿ ನೆಲ ನೋಡುತ್ತ ಕೂತಿದ್ದನಂತೆ. ರೇಣುಕಾ ಒಬ್ಬಳೇ ಡಾಕ್ಟರಿಗೆ ಪ್ರಶ್ನೆ ಕೇಳಿದವಳು. ಎಷ್ಟು ವರ್ಷ ಇರುತ್ತದೆ, ಎಲ್ಲಿ ಸಹಿ ಮಾಡಬೇಕು, ಇವತ್ತೇ ಆಗುತ್ತದಾ. ಮೂರು ತಿಂಗಳ ಹಿಂದೆ ಮದುವೆಯಾದ ಹುಡುಗಿ. ನಾನಾಗಿದ್ದರೆ ಅಳುತ್ತ ಕೂರುತ್ತಿದ್ದೆ.

ಭೀಮಶಿ ಗುಣವಾದ. ಡಾಕ್ಟರು ಹೇಳಿದ ಹಾಗೆಯೇ, ಸಹಜವಾಗಿ ಮಕ್ಕಳಾಗುವ ದಾರಿ ಮುಚ್ಚಿತು. ಎರಡು ವರ್ಷದ ಮೇಲೆ, ತೆಗೆದಿಟ್ಟಿದ್ದ ವೀರ್ಯದಿಂದ ಮತ್ತು ರೇಣುಕಾಳ ಅಂಡಾಣುಗಳಿಂದ ಲ್ಯಾಬಿನಲ್ಲಿ ಭ್ರೂಣ ಮಾಡಿದರು. ಕೈಗೆ ಹತ್ತಿದವು ಮೂರು. ಅಷ್ಟರಲ್ಲಿ ಇಂಜೆಕ್ಷನ್ನುಗಳಿಂದ ರೇಣುಕಾಳ ಹೊಟ್ಟೆ ಊದಿ ಆಸ್ಪತ್ರೆಯಲ್ಲಿ ಮಲಗುವಂತಾಯಿತು. ಮೈ ಸುಧಾರಿಸಲಿ, ಅವಸರ ಬೇಡ ಎಂದು ಮೂರನ್ನೂ ಫ್ರೀಜ್ ಮಾಡಿ ಇಟ್ಟರು. ಭೀಮಶಿಯದು ಅಲ್ಲಿಗೆ ಖಾಲಿ. ಇರುವುದು ಈ ಮೂರೇ. ಇವು ಹೋದರೆ ಮುಗಿಯಿತು.

ಊರಿಗೆ ಇದರಲ್ಲಿ ಎಷ್ಟು ಗೊತ್ತಿತ್ತು? ಏನೂ ಇಲ್ಲ. ಭೀಮಶಿಗೆ ಕಾಮಾಲೆ ಆಗಿತ್ತು ಎಂದು ಬಾಳವ್ವ ಹೇಳಿಟ್ಟಿದ್ದಳು. ಕಾಮಾಲೆ ವಾಸಿಯಾಯಿತು, ನಾಲ್ಕು ವರ್ಷವಾಯಿತು, ಮಕ್ಕಳಿಲ್ಲ. ದೋಷ ಯಾರದು ಎಂದು ಊರು ತೀರ್ಮಾನಿಸಲು ಹೊತ್ತು ಬೇಕೆ? ರೇಣುಕಾಳನ್ನು ಬಸುರಿಯರ ಕುಬಸಕ್ಕೆ ಕರೆಯುತ್ತಿದ್ದರು, ಆರತಿ ತಟ್ಟೆಯನ್ನು ಮಾತ್ರ ಅವಳ ಕೈಗೆ ಕೊಡುತ್ತಿರಲಿಲ್ಲ. ಬಾಳವ್ವ ಅದನ್ನು ನೋಡುತ್ತಿದ್ದಳು. ನೋಡಿ ಸುಮ್ಮನಿರುತ್ತಿದ್ದಳು. ಸೊಸೆಯ ಮೇಲೆ ಪ್ರೀತಿ ಇರಲಿಲ್ಲ ಅಂತಲ್ಲ. ಮಗನ ಹೆಸರು ಬಾಯಿಂದ ಬಾಯಿಗೆ ಹೋಗಬಾರದು, ಅಷ್ಟೇ.

ಭ್ರೂಣಗಳಿದ್ದ ಆಸ್ಪತ್ರೆ ಮಹಾರಾಷ್ಟ್ರದ ಕಡೆ. (ಹೆಸರು ಬೇಡ. ಅವರದೇನೂ ತಪ್ಪಿಲ್ಲ.) ಮುಂದಿನ ಚಿಕಿತ್ಸೆಗೆ ಬೆಳಗಾವಿ ಹತ್ತಿರ, ಅಲ್ಲಿಗೇ ತಂದಿಡೋಣ ಎಂದು ಈ ಏಪ್ರಿಲ್‌ನಲ್ಲಿ ನಿರ್ಧಾರವಾಯಿತು. ಇಂಥದ್ದನ್ನು ಸಾಗಿಸಲು ನಮ್ಮ ಜನ ಇದ್ದಾರೆ, ಕಳಿಸುತ್ತೇವೆ ಎಂದು ಆಸ್ಪತ್ರೆಯವರು ಹೇಳಿದ್ದರು. ಬಾಳವ್ವ ಒಪ್ಪಲಿಲ್ಲ.

"ನಮ್ಮ ಕೂಸುಗಳನ್ನ ಗುರ್ತಿಲ್ಲದವರ ಕೈಯಾಗ ಹೆಂಗ ಕೊಡೂದ್ರಿ ಅಕ್ಕೋರ? ನಾವ ಹೋಗಿ ತರೂಣು," ಎಂದಳು ನನಗೆ.

ಆಯಿತು. ಓದಿದವಳೊಬ್ಬಳು ಜೊತೆಗಿರಲಿ ಎಂದು ನನ್ನನ್ನು ಕರೆದರು. ನಾನೂ ಎದೆಯುಬ್ಬಿಸಿ ಹೊರಟೆ.

ಆಸ್ಪತ್ರೆಯವರು ಕೊಟ್ಟದ್ದು ಹಾಲಿನ ಕ್ಯಾನಿನಂಥದೇ ಒಂದು ಕ್ಯಾನು. ಒಳಗೆ ದ್ರವ ಸಾರಜನಕವನ್ನು ಹೀರಿಟ್ಟುಕೊಂಡ ಸ್ಪಂಜಿನಂಥ ಪದಾರ್ಥ, ನಡುವೆ ಕೂದಲೆಳೆಯಷ್ಟು ಸಣ್ಣ ಕೊಳವೆಗಳಲ್ಲಿ ಮೂರು ಭ್ರೂಣ. ಶೂನ್ಯಕ್ಕಿಂತ ನೂರಾ ತೊಂಬತ್ತು ಡಿಗ್ರಿ ಕೆಳಗೆ. ಅಷ್ಟು ಥಂಡಿಯಲ್ಲಿ ಜೀವ ಕೆಡುವುದಿಲ್ಲ, ಬೆಳೆಯುವುದೂ ಇಲ್ಲ, ನಿಂತ ಗಡಿಯಾರದ ಹಾಗೆ ಇರುತ್ತದೆ. ಈ ಕ್ಯಾನು ಚೆಲ್ಲುವುದಿಲ್ಲ, ಒಂದು ವಾರ ಹೀಗೇ ಇರುತ್ತದೆ, ನೆಟ್ಟಗೆ ಇಡಿ, ತೆರೆಯಬೇಡಿ, ಕಾರಿನ ಕಿಟಕಿ ಒಂದು ಬೆರಳಿನಷ್ಟು ಇಳಿದಿರಲಿ ಎಂದು ಅಲ್ಲಿನ ಹುಡುಗಿ ಎರಡೆರಡು ಸಲ ಹೇಳಿದಳು. ಬಾಳವ್ವ ಕ್ಯಾನಿಗೆ ಭಂಡಾರದ ಅರಿಶಿಣ ಹಚ್ಚಿ, ಹಿಂದಿನ ಸೀಟಿನ ಮೇಲೆ ಕಂಬಳಿ ಹಾಸಿ, ತನಗೂ ಸೊಸೆಗೂ ನಡುವೆ ಕೂರಿಸಿ ಬೆಲ್ಟ್ ಹಾಕಿದಳು.

ಇದು ಮೊದಲನೇ ಕ್ಯಾನು. ಇದರಿಂದ ನಮಗೆ ಯಾವ ತೊಂದರೆಯೂ ಆಗಲಿಲ್ಲ.

ಎರಡನೆಯದು ದಡ್ಡಿ ಊರಿನ ಮಾರುತಿ ಕಾಕಾನದು. ಅವನು ಭೀಮಶಿಯ ದೊಡ್ಡಪ್ಪನ ಮಗನೋ, ಸೋದರ ಸಂಬಂಧಿಯೋ, ಅಂತೂ ಎಲ್ಲರಿಗೂ ಕಾಕಾ. ಊರೂರು ತಿರುಗಿ ಎಮ್ಮೆ ಆಕಳುಗಳಿಗೆ ಗರ್ಭದ ಇಂಜೆಕ್ಷನ್ ಮಾಡುವವನು. ಅವನ ಬೈಕಿನ ಹಿಂದೆ ಸದಾ ಒಂದು ಕ್ಯಾನು ಇರುತ್ತದೆ. ಅದರಲ್ಲೂ ಇದೇ ದ್ರವ ಸಾರಜನಕ, ಅದರಲ್ಲೂ ಫ್ರೀಜ್ ಮಾಡಿದ ವೀರ್ಯ, ಮುರ್ರಾ ತಳಿಯ ಕೋಣದ್ದು. ಹಾದಿಯಲ್ಲಿ ಆಸ್ಪತ್ರೆಯವರ ಕ್ಯಾನಿನಲ್ಲಿ ಥಂಡಿ ಕಮ್ಮಿಯಾದರೆ? ಕೈಯಲ್ಲಿ ಇರಲಿ ಎಂದು, ಹಿಂದಿನ ದಿನ ಸಂಜೆಯೇ ಒಂದು ಕ್ಯಾನು ತುಂಬ ಸಾರಜನಕ ತಂದು ಕೊಟ್ಟು ಹೋಗಿದ್ದ.

"ಇಪ್ಪತ್ತು ವರ್ಷ ಆತ್ರಿ, ಬೈಕ್ ಮ್ಯಾಲೆ ಇದನ್ನ ಹೊತ್ಕೊಂಡ ತಿರಗಾಕತ್ತೇನಿ. ಏನೂ ಆಗಾಂಗಿಲ್ಲ," ಎಂದಿದ್ದ.

ಡಿಕ್ಕಿಯಲ್ಲಿ ಇಡುವಾಗ ಭೀಮಶಿ ನನ್ನ ಮುಖ ನೋಡಿದ. "ಅಕ್ಕಾರ, ಇಡಬಹುದಲ್ರಿ?" ಎಂದ.

"ಸಾರಜನಕ ಅಷ್ಟ ಅಲ್ಲ? ನಾವು ಉಸಿರಾಡೂ ಗಾಳ್ಯಾಗ ಬಹಳಷ್ಟು ಅದ ಐತಿ. ಇಡು," ಎಂದೆ.

ಇದನ್ನು ಹೇಳಿದವಳು ನಾನು. ಕೆಮಿಸ್ಟ್ರಿ ಎಂ.ಎಸ್ಸಿ.

ಯಾರ ಕಣ್ಣಿಗೂ ಬೀಳಬಾರದು ಎಂದು ಬಾಳವ್ವ ಆ ಕ್ಯಾನಿನ ಮೇಲೆ ಇನ್ನೊಂದು ಕಂಬಳಿ ಹೊದಿಸಿದಳು.

ವಾಪಸ್ ಬರುವಾಗ ಗಡಿ ದಾಟುವವರೆಗೂ ಕಿಟಕಿ ಒಂದು ಬೆರಳು ಇಳಿದೇ ಇತ್ತು. ಸಂಕೇಶ್ವರ ಹತ್ತಿರ ಬಂದಂತೆ ಬಾಳವ್ವ ಚಡಪಡಿಸತೊಡಗಿದಳು. ಅವಳ ತವರು ಆ ಕಡೆಯೇ. ರಸ್ತೆ ಮೇಲೆ ಯಾರಾದರೂ ಗುರುತು ಹಿಡಿದು ಕಾರು ನಿಲ್ಲಿಸಿದರೆ? ಇದೇನು ಬಾಳಕ್ಕಾ, ಹಳದಿ ಹಚ್ಚಿದ ಕ್ಯಾನು ಎಂದು ಕೇಳಿದರೆ?

"ಖಿಡಕಿ ಏರಸ್ರಿ. ಪಡದಿ ಹಾಕ್ರಿ," ಎಂದಳು.

ಕಿಟಕಿ ಏರಿತು. ಬಿಸಿಲಿಗೆ ಹಾಕುವ ಕಪ್ಪು ಪರದೆಗಳು ಅಂಟಿಕೊಂಡವು. ಏಪ್ರಿಲ್ ಸೆಕೆಗೆ ಎಸಿ ಜೋರಾಯಿತು. ಹೊರಗಿನ ಗಾಳಿ ಒಳಗೆ ಬರದ ಹಾಗೆ, ಒಳಗಿನದೇ ಸುತ್ತುವ ಹಾಗೆ ಭೀಮಶಿ ಬಟನ್ ಒತ್ತಿದ. ಬೇಗ ಥಂಡಿಯಾಗುತ್ತದಲ್ಲ?

ಆಮೇಲೆ, ಎರಡು ನಲವತ್ತಕ್ಕೆ, ಆ ಧಡ್.

ಆ ಹೊತ್ತಿಗೆ ಬಾಳವ್ವ ಮೂರು ಮೊಮ್ಮಕ್ಕಳಿಗೆ ಕೆಲಸ ಹಂಚುತ್ತಿದ್ದಳು. ಒಂದು ಕುರಿ ಕಾಯಲು, ಒಂದು ಡಾಕ್ಟರಿಕೆ ಮಾಡಲು, ಇನ್ನೊಂದು ಏನೂ ಮಾಡದೆ ಅಜ್ಜಿಯ ಜೊತೆ ಜಗಳ ಆಡಲು. ನಾವೆಲ್ಲ ನಗುತ್ತಿದ್ದೆವು. ಬಿದ್ದದ್ದು ಏನೆಂದು ಯಾರೂ ತಿರುಗಿ ನೋಡಲಿಲ್ಲ. ಮೂರನೇ ಮೊಮ್ಮಗುವಿನ ಮಾತು ಅರ್ಧಕ್ಕೆ ನಿಂತಿತು. ನಿದ್ದೆ ಹತ್ತಿರಬೇಕು, ವಯಸ್ಸಾದವಳು ಎಂದುಕೊಂಡೆ.

ಎರಡು ನಲವತ್ತೈದಕ್ಕೆ ರೇಣುಕಾಳನ್ನು ಕ್ಯಾನಿನ ಮೇಲಿನ ಅಂಕಿ ಕೇಳಿದೆ. ಉತ್ತರ ಬರಲು ತುಸು ಹೊತ್ತು ಹಿಡಿಯಿತು. "ನೂರಾ... ತೊಂಬತ್ತು," ಎಂದಳು. ಬರೆದೆ.

ಆ ಹಾಳೆ ಈಗಲೂ ನನ್ನ ಬಳಿ ಇದೆ. ಎರಡೂವರೆಯ ಅಂಕಿ ಬೋರ್ಡಿನ ಮೇಲೆ ಬರೆದಷ್ಟು ದುಂಡಗಿದೆ. ಎರಡು ನಲವತ್ತೈದರದ್ದು ಗೆರೆ ಬಿಟ್ಟು ಕೆಳಗೆ ಜಾರಿ ಹಾಳೆಯ ಅಂಚಿಗೆ ಹೋಗಿದೆ. ಬರೆಯುವಾಗ ನನಗೆ ಏನೂ ಅನಿಸಿರಲಿಲ್ಲ. ಉಸಿರು ಕಟ್ಟಲಿಲ್ಲ, ಕೆಮ್ಮು ಬರಲಿಲ್ಲ, ವಾಸನೆಯಿಲ್ಲ. ಹಾಯಾಗಿತ್ತು. ದಿನವೂ ನೆನೆದು ನಡುಗುವುದು ಅದಕ್ಕೇ. ನಾನು ಹಾಯಾಗಿ ಸಾಯುತ್ತಿದ್ದೆ.

ಒಂದು ಲೀಟರ್ ದ್ರವ ಸಾರಜನಕ ಆವಿಯಾದರೆ ಸುಮಾರು ಏಳುನೂರು ಲೀಟರ್ ಅನಿಲ. ಪರೀಕ್ಷೆಗೆ ನಾನೇ ಕೊಡುವ ಲೆಕ್ಕ. ಮುಚ್ಚಿದ ಕಾರಿನೊಳಗೆ ಅದು ತುಂಬಿದರೆ ಆಮ್ಲಜನಕಕ್ಕೆ ಜಾಗ ಎಲ್ಲಿ? ನಮ್ಮ ದೇಹಕ್ಕೆ ಉಸಿರು ಕಟ್ಟಿದ್ದು ಗೊತ್ತಾಗುವುದು ಒಳಗೆ ಇಂಗಾಲದ ಡೈಆಕ್ಸೈಡ್ ಹೆಚ್ಚಿದಾಗ. ಅದನ್ನು ಹೊರಹಾಕುತ್ತಲೇ ಇರುತ್ತೇವಲ್ಲ, ಆದ್ದರಿಂದ ಮೈ ಎಚ್ಚರಿಸುವುದೇ ಇಲ್ಲ. ಇದೂ ನನಗೆ ಗೊತ್ತಿದ್ದದ್ದೇ. ಹದಿನೆಂಟು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಬಾಯ್ಲರ್ ಕೋಣೆಯ ಸುರಕ್ಷತೆ ನೋಡುವವನಿಗೂ ಗೊತ್ತಿದ್ದದ್ದೇ. ಮುಂದಿನ ಎರಡು ಸೀಟಿನಲ್ಲಿ ಎರಡು ಡಿಗ್ರಿ ಕೂತಿದ್ದವು.

"ಅಕ್ಕಾರ, ನಿದ್ದಿ ಬಂದಂಗ ಆಗಾಕತ್ತೈತ್ರಿ," ಎಂದ ಭೀಮಶಿ. ಅಷ್ಟರಲ್ಲಿ ಕಾರು ಎಡಕ್ಕೆ ಸರಿದು ರಸ್ತೆಯಂಚಿನ ಉಬ್ಬುಗೆರೆಯ ಮೇಲೆ ಗರಗರ ಎಂದಿತು.

ಆ ಗರಗರಕ್ಕೆ ನಾನು ತಲೆ ತಿರುಗಿಸಿದೆ. ಬಾಳವ್ವನ ಗದ್ದ ಎದೆಗೆ ಬಿದ್ದಿತ್ತು. ರೇಣುಕಾ ಕ್ಯಾನಿಗೆ ಒರಗಿದ್ದಳು. ಅವರ ಹಿಂದೆ, ಡಿಕ್ಕಿಯ ಗಾಜಿಗೆ, ಒಳಗಿನಿಂದ, ಬೆಳ್ಳಗೆ ಹಿಮ ಕಟ್ಟಿತ್ತು. ಹೊರಗೆ ಏಪ್ರಿಲ್ ತಿಂಗಳ ಸುಡುಬಿಸಿಲು.

"ಗಾಡಿ ಬಾಜೂಕ ಹಚ್ಚು. ಖಿಡಕಿ ಇಳಸು."

ಇಷ್ಟು ಹೇಳಿದೆನೆಂದು ಭೀಮಶಿ ಹೇಳುತ್ತಾನೆ. ನನಗೆ ನೆನಪಿರುವುದು ನನ್ನ ಬೆರಳು. ಅದು ಕಿಟಕಿಯ ಬಟನ್ ಹುಡುಕುತ್ತಿದೆ, ಬಾಗಿಲ ಲಾಕ್ ಒತ್ತುತ್ತಿದೆ, ಮತ್ತೆ ಲಾಕ್, ಮತ್ತೆ ಲಾಕ್. ಕೊನೆಗೂ ಗಾಜು ಇಳಿದಾಗ ಬಡಿದ ಬಿಸಿಗಾಳಿಯಷ್ಟು ಸುಖದ್ದನ್ನು ನಾನು ಜೀವನದಲ್ಲಿ ಉಂಡಿಲ್ಲ.

ಕಾರು ನಿಂತದ್ದು ಯಮಕನಮರಡಿ ಇನ್ನೇನು ಬಂತು ಎನ್ನುವಲ್ಲಿ, ಒಂದು ಪಂಕ್ಚರ್ ಅಂಗಡಿಯ ಮುಂದೆ. ಅಂಗಡಿಯವರು ಐವತ್ತು ದಾಟಿದ ಮನುಷ್ಯ. ಏನು ಎತ್ತ ಎಂದು ಕೇಳುತ್ತ ನಿಲ್ಲಲಿಲ್ಲ. ನಾಲ್ಕೂ ಬಾಗಿಲು ತೆರೆದು, ನನ್ನ ಜೊತೆ ಬಾಳವ್ವನನ್ನು ಎಳೆದು ನೆಲಕ್ಕೆ ಮಲಗಿಸಿದರು. ಅವಳ ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಎದೆ ಏಳುತ್ತಿರಲಿಲ್ಲ. ನಾನು ಅವಳ ಬಾಯಿಗೆ ಬಾಯಿಟ್ಟು ಊದಿದೆ. ಎನ್.ಎಸ್.ಎಸ್. ಕ್ಯಾಂಪಿನಲ್ಲಿ ಒಂದೇ ಸಲ ಕಲಿತದ್ದು, ಅದೂ ನಗುತ್ತ. ಐದೋ ಆರೋ ಸಲ ಊದಿದ ಮೇಲೆ ಅವಳು ದೊಡ್ಡದಾಗಿ ಉಸಿರೆಳೆದಳು. ಆ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಭೀಮಶಿ ರಸ್ತೆಯಂಚಿನಲ್ಲಿ ಕೂತು ವಾಂತಿ ಮಾಡುತ್ತಿದ್ದ. ರೇಣುಕಾ ಕಾರಿನ ಬಾಗಿಲು ಹಿಡಿದು ತೂಗಾಡುತ್ತ ನಿಂತಿದ್ದಳು.

ಜನ ಸೇರಿದರು. ಡಿಕ್ಕಿ ತೆರೆದರೆ ಕಂಬಳಿಯಡಿಯಿಂದ ಬಿಳಿ ಹೊಗೆ. ಅಡ್ಡ ಬಿದ್ದ ಒಂದು ಕ್ಯಾನು. ಹಿಂದಿನ ಸೀಟಿನಲ್ಲಿ ಹಳದಿ ಬಳಿದ ಇನ್ನೊಂದು. ಒಳಗೆ ಕಪ್ಪು ಪರದೆ. ನೀವಾಗಿದ್ದರೆ ಏನಂದುಕೊಳ್ಳುತ್ತಿದ್ದಿರಿ? ಬಾಂಬ್ ಎಂದರು ಒಬ್ಬರು. ಪೊಲೀಸರಿಗೆ ಫೋನ್ ಹಚ್ಚಿ ಎಂದರು ಇನ್ನೊಬ್ಬರು. ದೊಡ್ಡ ಮೈಕಟ್ಟಿನ ಲಾರಿ ಡ್ರೈವರೊಬ್ಬ ನಮ್ಮನ್ನೆಲ್ಲ ಉಳಿಸಲೆಂದೇ ಮುಂದೆ ಬಂದ. ಅವನದೂ ತಪ್ಪಿಲ್ಲ. ಬೆಲ್ಟ್ ಬಿಚ್ಚಿ, ಹಳದಿ ಕ್ಯಾನನ್ನು ಎತ್ತಿ ಹೆಗಲಿಗೆ ಓರೆಯಾಗಿ ಇಟ್ಟುಕೊಂಡು, ರಸ್ತೆ ಪಕ್ಕದ ಹಳ್ಳಕ್ಕೆ ಎಸೆದು ಬರಲು ಹೊರಟ.

ನಾನಿನ್ನೂ ಬಾಳವ್ವನ ತಲೆ ಹಿಡಿದುಕೊಂಡು ನೆಲದ ಮೇಲೆ ಕೂತಿದ್ದೆ.

ರೇಣುಕಾ ಹೋದಳು. ಎರಡು ಸಲ ಮುಗ್ಗರಿಸಿ, ಅವನ ತೋಳಿಗೆ ಜೋತುಬಿದ್ದು, ಕ್ಯಾನನ್ನು ಎರಡೂ ಕೈಯಿಂದ ತಬ್ಬಿಕೊಂಡಳು. ನಾಲ್ಕು ವರ್ಷ ಒಬ್ಬರ ಮುಂದೂ ಹೇಳದೆ ಇದ್ದ ಮಾತನ್ನು ಅಷ್ಟು ಜನರ ಮುಂದೆ ಹೇಳಿದಳು.

"ಅಣ್ಣಾ, ಒಗೀಬ್ಯಾಡ್ರಿ. ಇದರಾಗ ನಮ್ಮ ಮಕ್ಕಳದಾವ್ರಿ."

ಡ್ರೈವರ್ ಹೆಜ್ಜೆ ಮುಂದಿಡಲಿಲ್ಲ.

ಪಂಕ್ಚರ್ ಅಂಗಡಿಯವರು ಕ್ಯಾನನ್ನು ಒಮ್ಮೆ, ಅವಳನ್ನು ಒಮ್ಮೆ ನೋಡಿದರು. "ಎಮ್ಮಿಗಿ ಇಂಜೆಕ್ಷನ್ ತರ್ತಾರಲ್ಲ, ಆ ನಮೂನಿ ಕ್ಯಾನ್ ಏನ್ ತಂಗಿ?"

"ಹೌದ್ರಿ. ಅದ ನಮೂನಿ. ಇದು ಮನಷಾರದು."

"ಏ ತಮ್ಮಾ," ಎಂದರು ಅವರು ಡ್ರೈವರಿಗೆ, "ಸಾವಕಾಶ ಇಳಸು. ಕೂಸು ಅದಾವಂತ."

ಆ ದೈತ್ಯ ಮನುಷ್ಯ ಅದನ್ನು ಇಳಿಸಿದ ರೀತಿಯನ್ನು ನೀವು ನೋಡಬೇಕಿತ್ತು. ಮಲಗಿದ ಮಗುವನ್ನು ತೊಟ್ಟಿಲಿಗೆ ಹಾಕುವವರೂ ಅಷ್ಟು ಹುಷಾರಾಗಿರುವುದಿಲ್ಲ. ಇಳಿಸಿದವನೇ ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದ. ಚಹಾ ಅಂಗಡಿಯ ಹೆಂಗಸೊಬ್ಬಳು ಬಿಸಿಲು ಬೀಳದಿರಲಿ ಎಂದು ಛತ್ರಿ ತಂದು ಕ್ಯಾನಿನ ಮೇಲೆ ಹಿಡಿದಳು. (ಒಳಗೆ ಮೈನಸ್ ನೂರಾ ತೊಂಬತ್ತು. ಹೇಳಲು ಮನಸ್ಸಾಗಲಿಲ್ಲ.)

ಯಾರೂ ನಗಲಿಲ್ಲ. ದೋಷ ಯಾರದೆಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದು ಒಂದೇ, ಎಷ್ಟು ಅದಾವು ಎಂದು.

ಅಷ್ಟರಲ್ಲಿ ನೆಲದ ಮೇಲಿದ್ದ ಬಾಳವ್ವ ಕಣ್ಣು ಬಿಟ್ಟಳು. "ಮೂರೂ ಅದಾವೇನ?" ಎಂದಳು.

ಯಮಕನಮರಡಿಯ ಆಸ್ಪತ್ರೆಯಲ್ಲಿ ಬಾಳವ್ವನಿಗೆ ಆಕ್ಸಿಜನ್ ಕೊಟ್ಟು, ನಮ್ಮನ್ನೂ ಪರೀಕ್ಷಿಸಿ, ಸಂಜೆಗೆ ಬಿಟ್ಟರು. ಪಂಕ್ಚರ್ ಅಂಗಡಿಯವರೇ ಕಾರು ಓಡಿಸಿ ಬೆಳಗಾವಿ ಮುಟ್ಟಿಸಿದರು. ನಾಲ್ಕೂ ಕಿಟಕಿ ಪೂರ್ತಿ ಇಳಿದಿದ್ದವು. ದಾರಿಯುದ್ದಕ್ಕೂ ತಮ್ಮ ಎಮ್ಮೆಯ ಕಥೆ ಹೇಳಿದರು. ಮೂರು ಸಲ ಇಂಜೆಕ್ಷನ್ ಮಾಡಿಸಿದ ಮೇಲೆ ಗಬ್ಬ ಗಟ್ಟಿಯಾಯಿತಂತೆ. "ಒಮ್ಮಿಗೆ ಆಗಬೇಕಂತ ಏನೂ ಇಲ್ರಿ," ಎಂದರು ಕನ್ನಡಿಯಲ್ಲಿ ರೇಣುಕಾಳನ್ನು ನೋಡಿ. ಅವಳು ನಕ್ಕಳು. ಆ ದಿನದ ಮೊದಲ ನಗು.

ಬೆಳಗಾವಿಯ ಲ್ಯಾಬಿನವರು ಅರಿಶಿಣದ ಕ್ಯಾನು ನೋಡಿ ಬೆಚ್ಚಿದರೂ ಒರೆಸಿ ಒಳಗೆ ತೆಗೆದುಕೊಂಡರು. ಕ್ಯಾನಿನೊಳಗಿನ ಯಂತ್ರದ ದಾಖಲೆಯಲ್ಲಿ ಥಂಡಿ ಎಲ್ಲೂ ಕಮ್ಮಿಯಾಗಿರಲಿಲ್ಲ. ಓರೆಯಾದದ್ದರಿಂದ, ಅಲುಗಿದ್ದರಿಂದ ಏನೂ ಆಗಿರಲಿಕ್ಕಿಲ್ಲ ಎಂದರು. ಖಾತ್ರಿ ಮಾತ್ರ ಕರಗಿಸಿ ನೋಡಿದಾಗಲೇ.

ಆ 'ಆಗಿರಲಿಕ್ಕಿಲ್ಲ' ಎಂಬ ಒಂದು ಪದ ಎರಡು ತಿಂಗಳು ಆ ಮನೆಯ ನಿದ್ದೆ ತಿಂದಿತು. ಬಾಳವ್ವ ನಡುರಾತ್ರಿ ಎದ್ದು ಮಗ ಸೊಸೆಯ ಕೋಣೆಯ ಬಾಗಿಲಿಗೆ ಕಿವಿ ಹಚ್ಚಿ ಉಸಿರು ಕೇಳುತ್ತಿದ್ದಳಂತೆ. ಅವಳು ಹೋದ ಮೇಲೆ ರೇಣುಕಾ ಎದ್ದು ಅತ್ತೆಯ ಉಸಿರು ಕೇಳಿ ಬರುತ್ತಿದ್ದಳಂತೆ. ಇಬ್ಬರಿಗೂ ಗೊತ್ತಾಗದ ಹಾಗೆ ಭೀಮಶಿ ಎಚ್ಚರವಾಗಿರುತ್ತಿದ್ದ. ಗೋಕಾಕದಲ್ಲಿ ನಾನು ಕಿಟಕಿಗಳನ್ನೆಲ್ಲ ತೆರೆದು ಸೊಳ್ಳೆಗಳಿಗೆ ಮ್ಯಾಗಜಿನ್ ಬೀಸುತ್ತ ಕೂರುತ್ತಿದ್ದೆ. ಕಣ್ಣು ಮುಚ್ಚಿದರೆ ಬಟನ್ ಹುಡುಕುವ ಬೆರಳು.

ಮಾರುತಿ ಕಾಕಾ ಸುದ್ದಿ ತಿಳಿದು ದಡ್ಡಿಯಿಂದ ನನ್ನ ಮನೆಗೇ ಬಂದ. ಕಟ್ಟೆಯ ಮೇಲೆ ಕೂತು, ತಲೆ ಎತ್ತಲಿಲ್ಲ. "ಬೈಕ್ ಮ್ಯಾಲೆ ಸುತ್ತೂ ಗಾಳಿ ಇರ್ತಿತ್ತ್ರಿ ಅಕ್ಕಾ. ಕಾರಿನ ಖಿಡಕಿ ಮುಚ್ಚತಾರಂತ ನಾ ಯಾಕ ತಿಳಿಲಿಲ್ಲ?"

ಕಿಟಕಿ ಮುಚ್ಚಿದ್ದು ನಾವು. ಮುಚ್ಚಲು ಕಾರಣ ಬಿಸಿಲೂ ಅಲ್ಲ, ಧೂಳೂ ಅಲ್ಲ. ಜನ ನೋಡುತ್ತಾರೆ ಎಂಬುದು.

ನೋಡಿ, ನಮ್ಮ ಕಡೆಯ ಯಾವ ರೈತನಿಗೆ ಈ ಕ್ಯಾನು ಗೊತ್ತಿಲ್ಲ? ಮೂವತ್ತು ನಲವತ್ತು ವರ್ಷದಿಂದ ನಮ್ಮ ಹಟ್ಟಿಗಳಲ್ಲಿ ಫ್ರೀಜ್ ಮಾಡಿದ ವೀರ್ಯದಿಂದ ಕರುಗಳು ಹುಟ್ಟುತ್ತಿವೆ. ಇಂಥ ಕೋಣದ್ದು, ಇಂಥ ಹೋರಿಯದು ಎಂದು ಹೆಮ್ಮೆಯಿಂದ ಹೇಳುತ್ತೇವೆ. ಆ ಕರು ನಕಲಿ ಎಂದು ಯಾರಾದರೂ ಅಂದದ್ದುಂಟೆ? ಅದರ ಹಾಲನ್ನೇ ಕುಡಿದು, ಮನೆಯ ಸೊಸೆ ಅದೇ ವಿದ್ಯೆಯಿಂದ ತಾಯಿಯಾಗಲು ಹೊರಟರೆ ಕಾರಿಗೆ ಕಪ್ಪು ಪರದೆ ಹಾಕುತ್ತೇವೆ. ಎಮ್ಮೆಗೆ ಇಲ್ಲದ ನಾಚಿಕೆ ಮನುಷ್ಯರಿಗೆ ಯಾಕೆ?

ಕ್ಯಾನ್ಸರ್ ಚಿಕಿತ್ಸೆಗೆ ಹೋಗುವ ಇಪ್ಪತ್ತೈದರ ಹುಡುಗ, ಹುಡುಗಿಯರಿಗೆ ಇದು ಮೊದಲ ದಿನವೇ ಗೊತ್ತಾಗಬೇಕಾದ ಸಂಗತಿ. ಔಷಧ ಶುರುವಾದ ಮೇಲೆ ಗೊತ್ತಾದರೆ ಬಹಳ ಸಲ ಉಪಯೋಗವಿಲ್ಲ. ಯಾರು ಹೇಳಬೇಕು? ಮಾಡಿಸಿಕೊಂಡವರು ಹೇಳಬೇಕು. ಅವರೋ, ಕಾಮಾಲೆ ಎನ್ನುತ್ತಿದ್ದಾರೆ.

ಸ್ಟಾಫ್ ರೂಮಿನಲ್ಲಿ ನಾನು ಈ ಕಥೆ ಹೇಳಿದೆ. ಎಲ್ಲರೂ ಅಯ್ಯೋ ಎಂದು ಕೇಳಿದರು. ಆಮೇಲೆ ಒಬ್ಬೊಬ್ಬರೇ ಬಂದರು. ಒಬ್ಬರ ಮಗಳು ಮೂವತ್ತೆರಡಕ್ಕೆ ಅಂಡಾಣು ಫ್ರೀಜ್ ಮಾಡಿಸಿದ್ದಾಳೆ, ಅವಳ ಅಪ್ಪನಿಗೇ ಗೊತ್ತಿಲ್ಲ. ಇನ್ನೊಬ್ಬರದು ಸ್ವಂತದ್ದು, ಬಾಗಿಲು ಮುಂದೆ ಮಾಡಿ ಹೇಳಿದರು. ಪಕ್ಕಪಕ್ಕದ ಕುರ್ಚಿಯಲ್ಲಿ ಹತ್ತು ವರ್ಷ ಕೂತವರು, ಇಬ್ಬರೂ ಒಬ್ಬರ ಬಗ್ಗೆ ಇನ್ನೊಬ್ಬರಿಗೆ ತಿಳಿಯಬಾರದು ಎಂದು ನನ್ನಿಂದ ಆಣೆ ಹಾಕಿಸಿಕೊಂಡರು. (ಹಾಗಾಗಿ ನೀವೂ ಊಹಿಸಲು ಹೋಗಬೇಡಿ.)

ಜೂನ್ ಕೊನೆಗೆ ಬೆಳಗಾವಿಯಲ್ಲಿ ಒಂದು ಭ್ರೂಣವನ್ನು ಕರಗಿಸಿದರು. ಡಾಕ್ಟರು ನಮ್ಮನ್ನು ಟಿವಿಯ ಮುಂದೆ ಕೂರಿಸಿದರು. ಮೊದಲು ಮುದುಡಿದ ಚುಕ್ಕಿಯ ಹಾಗಿದ್ದದ್ದು ನೋಡನೋಡುತ್ತ ಅರಳಿ ದುಂಡಗಾಯಿತು. ಪೂರ್ತಿ ಜೀವಂತ ಇದೆ, ಉಳಿದ ಎರಡೂ ಇದರ ಜೊತೆಗೇ ಬಂದವು, ಆ ರಸ್ತೆಯ ಚಿಂತೆ ಇನ್ನು ಬಿಡಿ ಎಂದರು. ಬಾಳವ್ವ ಟಿವಿಯ ಗಾಜನ್ನು ಮುಟ್ಟಿ ಬೆರಳು ಕಣ್ಣಿಗೆ ಒತ್ತಿಕೊಂಡಳು. ಅದನ್ನು ಅದೇ ದಿನ ರೇಣುಕಾಳ ಗರ್ಭದಲ್ಲಿ ಇಟ್ಟರು.

ಹದಿನಾಲ್ಕು ದಿನ ಕಾಯುವುದು. ಆ ಹದಿನಾಲ್ಕು ದಿನವೂ ಯಾರಿಗೂ ನಿದ್ದೆಯಿಲ್ಲ, ಈ ಸಲ ಆಸೆಗೆ.

ಹದಿನೈದನೇ ದಿನ, ಮಂಗಳವಾರ, ರಕ್ತದ ರಿಪೋರ್ಟ್ ಬಂತು. ಗರ್ಭ ನಿಂತಿರಲಿಲ್ಲ.

ರೇಣುಕಾ ಹಿತ್ತಲಲ್ಲಿ ಕೂತು ಅತ್ತಳು. ಗೋಡೆಯಾಚೆ ಕೇಳುವಷ್ಟು. ಸಂಜೆ ಬಾಳವ್ವ ಎಮ್ಮೆ ಹಾಲು ಹಾಕಲು ಡೇರಿಗೆ ಹೋದಾಗ ಸಾಲಿನಲ್ಲಿದ್ದ ಪಕ್ಕದ ಮನೆಯ ಸಾವಂತ್ರೆವ್ವ ದನಿ ಇಳಿಸಿ ಕೇಳಿದಳಂತೆ, ಸೊಸೆ ಅಳುತ್ತಿದ್ದಳಲ್ಲ, ಈ ಸಲವೂ ಏನೂ ಇಲ್ಲವೇನು ಎಂದು. ಜೊತೆಗೊಂದು ಉಪಕಾರದ ಮಾತು, ಭೀಮಶಿಗೆ ಇನ್ನೂ ವಯಸ್ಸಿದೆ, ಬೇರೆ ಹೆಣ್ಣು ನೋಡಬಾರದೇ?

ಬಾಳವ್ವ ಹಾಲಿನ ಕೊಡ ಕೆಳಗಿಟ್ಟಳು. ದನಿ ಇಳಿಸುವುದು ಅವಳಿಗೆ ಮೊದಲೇ ಬಾರದು.

"ಸಾವಂತ್ರಿ, ಕೇಳಿಲ್ಲೆ. ದೋಷ ನನ್ನ ಸೊಸಿದಲ್ಲ. ನನ್ನ ಮಗಗ ಕ್ಯಾನ್ಸರ್ ಆಗಿತ್ತು, ಕಾಮಾಲಿ ಅಂತ ನಾನ ಸುಳ್ಳ ಹೇಳಿದ್ನಿ. ಅವನ ಜೀವಾ ಉಳದೈತಿ. ಅಕಿ ನಾಕ ವರ್ಷ ನಿಮ್ಮ ಮಾತು ತಿಂದು ಸುಮ್ಮಕ ಕುಂತಾಳ, ನಾನೂ ತಿನ್ನಾಕ ಬಿಟ್ಟೇನಿ. ನಮ್ಮ ಕೂಸು ಬೆಳಗಾವ್ಯಾಗ ಥಂಡ್ಯಾಗ ಅದಾವ. ಒಂದು ನಿಲ್ಲಲಿಲ್ಲ. ಇನ್ನ ಎರಡು ಅದಾವ."

ಡೇರಿಯ ಸಾಲು ಪೂರ್ತಿ ಕೇಳಿಸಿಕೊಂಡಿತು. ಸಾಲಿನ ಹಿಂದಿನಿಂದ ಒಬ್ಬಾಕೆ ಬಂದು, ಆ ದವಾಖಾನೆ ಬೆಳಗಾವಿಯಲ್ಲಿ ಎಲ್ಲಿ ಬರುತ್ತದೆ, ನನ್ನ ಮಗಳಿಗೂ ಕೇಳಬೇಕಾಗಿತ್ತು ಎಂದಳಂತೆ. ಆಕೆಯೂ ದನಿ ಇಳಿಸಲಿಲ್ಲ. ಬಾಳವ್ವ ಕೊಡವನ್ನು ಅಲ್ಲೇ ಬಿಟ್ಟು ಆಕೆಯನ್ನು ಮನೆಗೆ ಕರೆದುಕೊಂಡು ಬಂದು ರೇಣುಕಾಳ ಮುಂದೆ ಕೂರಿಸಿದಳು. ಸೊಸೆಗೂ ಆಗ ವಿಷಯ ತಿಳಿದದ್ದು. ಅವಳು ಮುಖ ತೊಳೆದುಕೊಂಡು ಬಂದು, ಪೆನ್ನು ಹಿಡಿದು, ಮೊದಲು ಯಾವ ಡಾಕ್ಟರನ್ನು ಕಾಣಬೇಕು, ಏನು ಕೇಳಬೇಕು ಎಂದು ಒಂದೊಂದಾಗಿ ಬರೆದುಕೊಟ್ಟಳು.

ಬುಧವಾರ ಬೆಳಿಗ್ಗೆ ಎಂಟೂವರೆಗೆ ನನಗೆ ಫೋನು. ರೇಣುಕಾ. ದನಿಯಲ್ಲಿ ಗಾಬರಿ.

"ಅಕ್ಕಾ, ಹೈಸ್ಕೂಲಿಗಿ ತಡಾ ಆತು. ಮನ್ಯಾಗ ಒಬ್ಬರಿಗೂ ಎಚ್ಚರ ಆಗಿಲ್ಲ. ದೊಡ್ಡ್ಯಾಗ ಕುರಿ ಒದರಾಕತ್ತಾವ, ಅತ್ತಿ ಇನ್ನೂ ಗೊರಕಿ ಹೊಡಿಯಾಕತ್ತಾಳ."

ಅವರು ಮಂಗಳವಾರ ರಾತ್ರಿ ಕಣ್ತುಂಬ ಮಲಗಿದರು, ನಾನು ಬುಧವಾರ. ಬಾಗಿಲು ಮುಂದೆ ಮಾಡಿ ಮಾತಾಡುವವರೇ, ನೀವು ಯಾವಾಗ?